ಎಸಿ ಕಂಪ್ರೆಸರ್ ಹಿಡೀತಿಲ್ವಾ? ಗ್ಯಾಸ್ ಹೊಡೆಸೋ ಮೊದಲು ಇದನ್ನ ಓದಿ

ಗೆಳೆಯರೇ, ಥರ್ಮೋಡೈನಮಿಕ್ಸ್ ಪೇಪರ್‌ನಲ್ಲಿ ರೆಫ್ರಿಜರೇಷನ್ ಸೈಕಲ್ ಚಿತ್ರ ಬರೆದು ಹತ್ತು ಅಂಕ ತಗೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆದ್ರೆ ಬಾನೆಟ್ ತೆಗೆದು 'ಈ ಎಸಿ ಯಾಕೆ ಕೆಲಸ ಮಾಡ್ತಿಲ್ಲ ಹೇಳು' ಅಂದ್ರೆ ಎಲ್ಲಿಂದ ಶುರು ಮಾಡಬೇಕು ಅಂತ ತೋಚೋದಿಲ್ಲ. ಇವತ್ತಿನ ಪಾಠ ಅದರ ಬಗ್ಗೆ. ಒಂದು ಮಲ್ಟಿಮೀಟರ್, ಫ್ಯೂಸ್ ಇರೋ ಒಂದು ತುಂಡು ವೈರ್, ಒಂದು ಫೀಲರ್ ಗೇಜ್, ಇಷ್ಟಿದ್ರೆ ಹೆಚ್ಚಿನ ಕೆಲಸ ಆಗುತ್ತೆ.

ಒಂದು ಉದಾಹರಣೆ ಇಟ್ಕೊಳ್ಳೋಣ. ಹರಪನಹಳ್ಳಿ ತಾಲೂಕಿನ ನೀಲಗುಂದ, ಚಾಲುಕ್ಯರ ಕಾಲದ ಭೀಮೇಶ್ವರ ದೇವಸ್ಥಾನ ಇರೋ ಊರು. ಏಪ್ರಿಲ್ ತಿಂಗಳ ಬಿಸಿಲು, 40 ಡಿಗ್ರಿ ಹತ್ತಿರ. ಊರಿನಿಂದ ವಯಸ್ಸಾದವರೊಬ್ಬರನ್ನ ದಾವಣಗೆರೆ ಆಸ್ಪತ್ರೆಗೆ ಕರ್ಕೊಂಡು ಹೊರಟ ಬಾಡಿಗೆ ಕಾರು. ಬೆಳಿಗ್ಗೆ ಹೊರಟಾಗ ಎಸಿ ಚೆನ್ನಾಗಿತ್ತು. ದಾವಣಗೆರೆ ಪೇಟೆಯ ಟ್ರಾಫಿಕ್ ಒಳಗೆ ಬರೋ ಹೊತ್ತಿಗೆ ಬಿಸಿ ಗಾಳಿ. ಬ್ಲೋವರ್ ತಿರುಗ್ತಿದೆ, ಎಸಿ ಸ್ವಿಚ್‌ನ ದೀಪ ಹತ್ತಿದೆ, ಕಂಪ್ರೆಸರ್ ಮಾತ್ರ ಹಿಡೀತಿಲ್ಲ. ಗ್ಯಾರೇಜಿನಲ್ಲಿ ಮಾತುಕತೆ ಸಾಮಾನ್ಯವಾಗಿ ಹೀಗೆ ಇರುತ್ತೆ:

"ಅಣ್ಣಾ, ಕಂಪ್ರೆಸರ್ ಹಿಡೀವಲ್ದು ನೋಡ್ರಿ."

"ಗ್ಯಾಸ್ ಖಾಲಿ ಆಗಿರ್ತೇತಿ ತಮ್ಮಾ, ಹೊಡ್ಸಿಬಿಡು. ಆಮೇಲೂ ಹಿಡೀಲಿಲ್ಲ ಅಂದ್ರ ಕಂಪ್ರೆಸರ್ ಹೋಗೇತಿ ಅಂತ ತಿಳ್ಕೊ."

ಗ್ಯಾಸ್ ಅಂದ್ರೆ ಸಾವಿರಗಳ ಮಾತು, ಕಂಪ್ರೆಸರ್ ಅಂದ್ರೆ ಹತ್ತಾರು ಸಾವಿರ. ದಿನದ ಬಾಡಿಗೆ ನಂಬಿಕೊಂಡವರಿಗೆ ಎರಡೂ ಭಾರ. ಎರಡೂ ಮಾಡಿಸಿದ ಮೇಲೆ ತಪ್ಪು ಒಂದು ತುಕ್ಕು ಹಿಡಿದ ಅರ್ತ್ ವೈರಿನಲ್ಲಿತ್ತು ಅಂತ ಗೊತ್ತಾದರೆ ಹೊಟ್ಟೆ ಉರಿಯುತ್ತೆ. ಹಾಗಾಗಿ ಈ ಪಾಠದಲ್ಲಿ ನೆನಪಿಡಬೇಕಾದ ಮಾತು ಒಂದೇ: ಕಂಪ್ರೆಸರ್ ಹಿಡೀತಿಲ್ಲ ಅಂದ್ರೆ, ಅದಕ್ಕೆ 'ಓಡು' ಅಂತ ಅಪ್ಪಣೆ ಕೊಡೋ ಸರಪಳಿಯಲ್ಲಿ ಯಾವುದೋ ಒಂದು ಕೊಂಡಿ 'ಬೇಡ' ಅಂತಿದೆ. ಯಾವ ಕೊಂಡಿ ಅಂತ ಅಳೆದು ತಿಳಿದ ಮೇಲೆ ಮಾತ್ರ ಜೇಬಿಗೆ ಕೈ ಹಾಕಬೇಕು.

ಕ್ಲಚ್ ಅಂದ್ರೆ ಏನು?

1940ರ ಮಾದರಿಯ ಪ್ಯಾಕಾರ್ಡ್ ಕಾರುಗಳಿಗೆ ಎಸಿ ಹಾಕಿ ಮಾರಿದ್ರು. ಅದಕ್ಕೆ ಕ್ಲಚ್ ಇರಲಿಲ್ಲ. ಇಂಜಿನ್ ತಿರುಗಿದಷ್ಟು ಹೊತ್ತೂ ಕಂಪ್ರೆಸರ್ ತಿರುಗೋದು. ಬೇಡ ಅಂದ್ರೆ ಇಂಜಿನ್ ನಿಲ್ಲಿಸಿ, ಬಾನೆಟ್ ತೆಗೆದು, ಬೆಲ್ಟ್ ಬಿಚ್ಚಬೇಕಿತ್ತು! ಆ ತಾಪತ್ರಯ ತಪ್ಪಿಸೋಕೆ ಬಂದದ್ದು ವಿದ್ಯುತ್ಕಾಂತದ ಕ್ಲಚ್.

ಇದರಲ್ಲಿ ಮೂರು ಭಾಗ. ಒಂದು ಪುಲ್ಲಿ. ಬೆಲ್ಟ್ ಇದನ್ನ ಯಾವಾಗಲೂ ತಿರುಗಿಸ್ತಾ ಇರುತ್ತೆ, ಆದ್ರೆ ಇದು ಬೇರಿಂಗ್ ಮೇಲೆ ಸುಮ್ಮನೆ ತಿರುಗುತ್ತೆ. ಎರಡನೆಯದು ಮುಂದಿನ ಪ್ಲೇಟ್. ಇದು ಕಂಪ್ರೆಸರ್ ಶಾಫ್ಟ್‌ಗೆ ಸೇರಿದ್ದು. ಮೂರನೆಯದು ಪುಲ್ಲಿಯ ಹಿಂದೆ ಕೂತಿರೋ ತಾಮ್ರದ ಕಾಯಿಲ್. ಕಾಯಿಲ್‌ಗೆ 12 ವೋಲ್ಟ್ ಬಂದ ತಕ್ಷಣ ಅದು ಪ್ಲೇಟನ್ನ ಎಳೆದು ಪುಲ್ಲಿಗೆ ಅಂಟಿಸುತ್ತೆ. 'ಟಕ್' ಅಂತ ಸದ್ದು ಬರುತ್ತೆ, ಶಾಫ್ಟ್ ತಿರುಗೋಕೆ ಶುರು. ಪ್ಲೇಟ್ ಮತ್ತು ಪುಲ್ಲಿ ನಡುವಿನ ಸಂದು ಸಾಮಾನ್ಯವಾಗಿ 0.3ರಿಂದ 0.6 ಮಿಲಿಮೀಟರ್. ಕಾಯಿಲ್‌ನ ರೋಧ ಬಹುತೇಕ ಕಾರುಗಳಲ್ಲಿ 3ರಿಂದ 5 ಓಮ್. ನಿಮ್ಮ ಕಾರಿನ ನಿಖರ ಅಂಕಿ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತೆ.

ಇಲ್ಲೇ ಎರಡು ಎಚ್ಚರಿಕೆ. ಈಚಿನ ಕೆಲವು ಕಾರುಗಳಲ್ಲಿ ಕ್ಲಚ್ಚೇ ಇಲ್ಲದ ಕಂಪ್ರೆಸರ್ ಇರುತ್ತೆ. ಅದು ಸದಾ ತಿರುಗ್ತಾ, ಒಳಗಿನ ಕಂಟ್ರೋಲ್ ವಾಲ್ವ್‌ನಿಂದ ಹೆಚ್ಚು ಕಡಿಮೆ ಕೆಲಸ ಮಾಡುತ್ತೆ. ಅದರಲ್ಲಿ 'ಟಕ್' ಸದ್ದು ಹುಡುಕಿ ಪ್ರಯೋಜನ ಇಲ್ಲ. ಇನ್ನು ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳ ಎಸಿ ಕಂಪ್ರೆಸರ್‌ಗೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಬಂದಿದ್ರೆ ಅದು ನೂರಾರು ವೋಲ್ಟ್. ಈ ಲೇಖನದ ಯಾವ ಪರೀಕ್ಷೆಯನ್ನೂ ಅದರ ಮೇಲೆ ಮಾಡಬೇಡಿ.

ಅಪ್ಪಣೆಯ ಸರಪಳಿ

ನೀವು ಎಸಿ ಬಟನ್ ಒತ್ತಿದ್ರೆ ಕರೆಂಟ್ ನೇರ ಕ್ಲಚ್‌ಗೆ ಹೋಗಲ್ಲ. ಬಟನ್ ಒಂದು ಅರ್ಜಿ ಅಷ್ಟೇ. ಆ ಅರ್ಜಿ ಇಂಜಿನ್ ಕಂಪ್ಯೂಟರ್‌ಗೆ, ಅಂದ್ರೆ ಇಸಿಯುಗೆ ಹೋಗುತ್ತೆ. ಇಸಿಯು ಸುತ್ತ ಕೇಳುತ್ತೆ: ಬ್ಲೋವರ್ ಆನ್ ಇದೆಯಾ? ಪೈಪಿನಲ್ಲಿ ಗ್ಯಾಸ್ ಒತ್ತಡ ಸರಿ ಇದೆಯಾ? ಇವಾಪರೇಟರ್ ಮಂಜುಗಟ್ಟೋ ಹಾಗೆ ಆಗಿಲ್ಲ ತಾನೇ? ಇಂಜಿನ್ ಮಿತಿಮೀರಿ ಕಾದಿಲ್ಲ ತಾನೇ? ಡ್ರೈವರ್ ಆಕ್ಸಿಲರೇಟರ್ ಪೂರ್ತಿ ತುಳಿದಿಲ್ಲ ತಾನೇ? ಎಲ್ಲಕ್ಕೂ ಒಪ್ಪಿಗೆ ಸಿಕ್ಕಿದ್ರೆ ಇಸಿಯು ರಿಲೇಗೆ ಹೇಳುತ್ತೆ, ರಿಲೇ ಬ್ಯಾಟರಿ ಕರೆಂಟನ್ನ ಕ್ಲಚ್‌ಗೆ ಕಳಿಸುತ್ತೆ. ಹಳೆಯ ಕಾರುಗಳಲ್ಲಿ ಇಸಿಯು ಬದಲು ಸಣ್ಣ ಎಸಿ ಆಂಪ್ಲಿಫೈಯರ್ ಇರಬಹುದು. ಆಲೋಚನೆ ಅದೇ.

ಈ ಸರಪಳಿಯ ನಟ್ಟನಡುವೆ ಇರೋದು ರಿಲೇ. ಕಂಪ್ಯೂಟರ್ ಸೈನ್ಸ್‌ನವರಿಗೆ ಬೈನರಿ ಸರ್ಚ್ ಗೊತ್ತಲ್ಲ? ಪಟ್ಟಿಯ ಮಧ್ಯಕ್ಕೆ ಹೋಗಿ, ಬೇಕಾದ್ದು ಆ ಕಡೆಯೋ ಈ ಕಡೆಯೋ ಅಂತ ಕೇಳೋದು. ಇಲ್ಲೂ ಅದೇ. ರಿಲೇ ಸಾಕೆಟ್ ಬಾನೆಟ್ ಕೆಳಗಿನ ಫ್ಯೂಸ್ ಬಾಕ್ಸ್‌ನಲ್ಲಿ ಸುಲಭವಾಗಿ ಕೈಗೆ ಸಿಗುತ್ತೆ, ಕಂಪ್ರೆಸರ್ ಮಾತ್ರ ಇಂಜಿನ್ನಿನ ಅಡಿಯಲ್ಲೆಲ್ಲೋ ಇರುತ್ತೆ. ಅದಕ್ಕೇ ರಿಲೇಯಿಂದ ಶುರು ಮಾಡೋಣ.

ಮೊದಲ ಪರೀಕ್ಷೆ: ಇಂಜಿನ್ ಆಫ್ ಇಟ್ಟು 'ಟಕ್' ಕೇಳೋದು

ಮೊದಲು ಎಸಿ ಫ್ಯೂಸ್ ನೋಡಿ. ಕಣ್ಣಿನಲ್ಲಿ ನೋಡಿದ್ರೆ ಸಾಲದು, ಮೀಟರ್‌ನಲ್ಲಿ ನೋಡಿ. ಫ್ಯೂಸ್ ಹೋಗಿದ್ರೆ ಹೊಸದು ಹಾಕಿ. ಅದೂ ತಕ್ಷಣ ಹೋದ್ರೆ ಎಲ್ಲೋ ಶಾರ್ಟ್ ಇದೆ: ಕಾಯಿಲ್ ಸುಟ್ಟಿರಬಹುದು, ವೈರ್ ಸುಲಿದಿರಬಹುದು, ಅಥವಾ ಕಾಯಿಲ್‌ಗೆ ಅಡ್ಡ ಕೂಡಿಸಿರೋ ಡಯೋಡ್ ಶಾರ್ಟ್ ಆಗಿರಬಹುದು. ದೊಡ್ಡ ಫ್ಯೂಸ್ ಹಾಕಿ ಸಾಗಿಸೋ ಯೋಚನೆ ಬೇಡವೇ ಬೇಡ.

ಫ್ಯೂಸ್ ಸರಿ ಇದ್ರೆ ಎಸಿ ರಿಲೇ ಕೀಳಿ. ಸಾಮಾನ್ಯವಾಗಿ ನಾಲ್ಕು ಪಿನ್: 30, 85, 86, 87. 30ಕ್ಕೆ ಬ್ಯಾಟರಿ ಕರೆಂಟ್ ಬರುತ್ತೆ, 87ರಿಂದ ಕ್ಲಚ್‌ಗೆ ಹೋಗುತ್ತೆ. 85 ಮತ್ತು 86 ರಿಲೇಯ ಸ್ವಂತ ಕಾಯಿಲ್. ಈಗ ಇಂಜಿನ್ ಆಫ್, ಕೀ ಆನ್. ಸಾಕೆಟ್‌ನ 30 ಮತ್ತು 87ನ್ನ 10 ಆಂಪಿಯರ್ ಫ್ಯೂಸ್ ಇರೋ ವೈರ್‌ನಿಂದ ಒಂದು ಕ್ಷಣ ಕೂಡಿಸಿ. ಪಕ್ಕದಲ್ಲಿ ಗೆಳೆಯರೊಬ್ಬರು ಕಂಪ್ರೆಸರ್ ಕಡೆ ಕಿವಿ ಕೊಟ್ಟು ನಿಂತಿರಲಿ.

'ಟಕ್' ಅಂತು ಅಂದ್ರೆ ವೈರ್, ಕಾಯಿಲ್, ಅರ್ತ್ ಎಲ್ಲಾ ಬದುಕಿವೆ. ತಪ್ಪು ಅಪ್ಪಣೆ ಕೊಡೋ ಕಡೆ, ಅಥವಾ ರಿಲೇಯಲ್ಲೇ. ಅದೇ ಮಾದರಿಯ ಹಾರ್ನ್ ರಿಲೇ ಇದ್ರೆ ಅದನ್ನ ಇಲ್ಲಿ ಹಾಕಿ ನೋಡಿ, ರಿಲೇ ಪ್ರಶ್ನೆ ಅಲ್ಲಿಗೇ ಮುಗೀತು. 'ಟಕ್' ಅನ್ನಲಿಲ್ಲ ಅಂದ್ರೆ ತಪ್ಪು ಕ್ಲಚ್ ಕಡೆ. ಒಂದೇ ಒಂದು ಸದ್ದಿನಿಂದ ಅರ್ಧ ಕಾರನ್ನ ಅನುಮಾನದ ಪಟ್ಟಿಯಿಂದ ತೆಗೆದುಹಾಕಿದಿರಿ. ಇಂಜಿನ್ ನಿಂತಿರೋದ್ರಿಂದ ಬೆಲ್ಟಿಗೆ ಕೈ ಸಿಕ್ಕೋ ಭಯ ಇಲ್ಲ, ಗ್ಯಾಸ್ ಇಲ್ಲದೆ ಕಂಪ್ರೆಸರ್ ಒಣಗಿ ತಿರುಗೋ ಅಪಾಯವೂ ಇಲ್ಲ.

ಕ್ಲಚ್ ಕಡೆ: 12 ವೋಲ್ಟ್ ತೋರಿಸಿದ್ರೂ ನಂಬಬೇಡಿ

ಇಲ್ಲಿ ಹೆಚ್ಚಿನವರು ಮಾಡೋದು ಹೀಗೆ: ಕ್ಲಚ್ ಕನೆಕ್ಟರ್ ಬಿಚ್ಚಿ, ಮೀಟರ್ ಇಟ್ಟು, '12 ವೋಲ್ಟ್ ಬರ್ತಿದೆ, ಹಾಗಾದ್ರೆ ಕಾಯಿಲ್ ಹೋಗಿದೆ' ಅಂತ ತೀರ್ಮಾನ ಮಾಡೋದು. ಇದು ಸರಿಯಲ್ಲ. ಮೀಟರ್ ಎಳೆಯೋ ಕರೆಂಟ್ ಲೆಕ್ಕಕ್ಕೇ ಬರದಷ್ಟು ಕಡಿಮೆ. ದಾರಿಯಲ್ಲಿ ತುಕ್ಕು ಹಿಡಿದ ಜಾಯಿಂಟ್ 2 ಓಮ್ ರೋಧ ಒಡ್ಡಿದ್ರೂ ಬಿಚ್ಚಿಟ್ಟ ಕನೆಕ್ಟರ್‌ನಲ್ಲಿ ಪೂರ್ತಿ ವೋಲ್ಟೇಜ್ ಕಾಣುತ್ತೆ.

ಲೆಕ್ಕ ಹಾಕಿ. ಕಾಯಿಲ್ 3.6 ಓಮ್, ತುಕ್ಕಿನ ಜಾಯಿಂಟ್ 2 ಓಮ್, ಇಂಜಿನ್ ಓಡುವಾಗ 13.5 ವೋಲ್ಟ್. ಕನೆಕ್ಟರ್ ಹಾಕಿದಾಗ ಕಾಯಿಲ್‌ಗೆ ಸಿಗೋದು 13.5 × 3.6 ÷ 5.6, ಅಂದ್ರೆ ಸುಮಾರು 8.7 ವೋಲ್ಟ್. ಇಷ್ಟರಲ್ಲಿ ಪ್ಲೇಟ್ ಎಳೆಯೋ ಶಕ್ತಿ ಸಾಲದೆ ಹೋಗಬಹುದು. ಹಾಗಾಗಿ ಕನೆಕ್ಟರ್ ಹಾಕಿಟ್ಟೇ, ಹಿಂದಿನಿಂದ ಪ್ರೋಬ್ ಚುಚ್ಚಿ ಅಳೀಬೇಕು. ಬ್ಯಾಟರಿಯಿಂದ ಕ್ಲಚ್‌ವರೆಗೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಳೆದುಹೋಗ್ತಿದ್ರೆ ವೈರ್ ಹುಡುಕಿ. ಅರ್ತ್ ಕಡೆಯೂ ಇದೇ ರೀತಿ ಅಳೀರಿ, ಕಂಪ್ರೆಸರ್ ಬಾಡಿಯಿಂದ ಬ್ಯಾಟರಿ ನೆಗೆಟಿವ್‌ವರೆಗೆ.

ನಮ್ಮ ಹಳ್ಳಿಗಳ ಕಡೆ ಇನ್ನೊಂದು ಕಾರಣ ಇದೆ: ಇಲಿ. ಮೆಕ್ಕೆಜೋಳದ ಚೀಲ ಒಟ್ಟಿದ ಪಕ್ಕ ಕಾರು ನಿಲ್ಲಿಸಿದ್ರೆ ರಾತ್ರಿ ಬೆಚ್ಚಗಿನ ಇಂಜಿನ್ ಮೇಲೆ ಬಂದು ಕೂತು ವೈರ್ ಕಡೀತವೆ. ಮೀಟರ್ ಹಿಡಿಯೋ ಮೊದಲು ಟಾರ್ಚ್ ಹಿಡಿದು ವೈರಿನ ದಾರಿ ಪೂರ್ತಿ ಒಮ್ಮೆ ನೋಡಿ.

ಬಿಸಿಯಾದಾಗ ಮಾತ್ರ ಯಾಕೆ ಹಿಡಿಯಲ್ಲ?

ಈಗ ನಮ್ಮ ನೀಲಗುಂದದ ಕಾರಿಗೆ ಬರೋಣ. ಬೆಳಿಗ್ಗೆ ಹಿಡಿಯುತ್ತೆ, ಬಿಸಿಯಾದ ಮೇಲೆ ಹಿಡಿಯಲ್ಲ, ಅರ್ಧ-ಮುಕ್ಕಾಲು ಗಂಟೆ ನಿಲ್ಲಿಸಿದ್ರೆ ಮತ್ತೆ ಹಿಡಿಯುತ್ತೆ. ಈ ಲಕ್ಷಣಕ್ಕೆ ಭೌತಶಾಸ್ತ್ರ ಚೆನ್ನಾಗಿ ಉತ್ತರ ಕೊಡುತ್ತೆ.

ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತೆ. 20 ಡಿಗ್ರಿಯಲ್ಲಿ 3.6 ಓಮ್ ಇದ್ದ ಕಾಯಿಲ್ 100 ಡಿಗ್ರಿಯಲ್ಲಿ 4.7 ಓಮ್. 13.5 ವೋಲ್ಟ್‌ಗೆ ಕರೆಂಟ್ 3.75 ಆಂಪಿಯರ್‌ನಿಂದ 2.86ಕ್ಕೆ ಇಳಿಯುತ್ತೆ. ಎಳೆಯೋ ಬಲ ಕರೆಂಟಿನ ವರ್ಗಕ್ಕೆ ಅನುಪಾತ, ಹಾಗಾಗಿ ಉಳಿಯೋದು 58 ಶೇಕಡಾ. ಇದು ಎಲ್ಲಾ ಕಾರುಗಳಲ್ಲೂ ಆಗೋದೇ, ತಯಾರಕರು ಇದಕ್ಕೆ ಜಾಗ ಬಿಟ್ಟೇ ವಿನ್ಯಾಸ ಮಾಡಿರ್ತಾರೆ.

ಆದ್ರೆ ವರ್ಷಗಟ್ಟಲೆ ಹಿಡಿದು ಬಿಟ್ಟು ಪ್ಲೇಟ್ ಸವೀತದೆ, ಸಂದು ದೊಡ್ಡದಾಗುತ್ತೆ. ಸರಳ ಲೆಕ್ಕದಲ್ಲಿ ಬಲ ಸಂದಿನ ವರ್ಗಕ್ಕೆ ವಿಲೋಮ. 0.5 ಮಿಲಿಮೀಟರ್ ಇದ್ದದ್ದು 0.8 ಆದ್ರೆ ಬಲ 39 ಶೇಕಡಾಕ್ಕೆ ಇಳಿಯುತ್ತೆ. ಎರಡೂ ಸೇರಿದ್ರೆ 0.58 × 0.39, ಅಂದ್ರೆ ಹೊಸ ಕ್ಲಚ್ ತಣ್ಣಗಿದ್ದಾಗಿನ ಬಲದ ಕಾಲು ಭಾಗವೂ ಇಲ್ಲ. ತಣ್ಣಗಿದ್ದಾಗ ಹೇಗೋ ಹಿಡಿಯುತ್ತೆ. ಒಮ್ಮೆ ಅಂಟಿಕೊಂಡ್ರೆ ಸಂದೇ ಇರಲ್ಲ, ಹಾಗಾಗಿ ಬಿಡೋದೂ ಇಲ್ಲ. ಬಿಸಿಯಾದ ಮೇಲೆ ಯಾವುದೋ ಕಾರಣಕ್ಕೆ ಒಮ್ಮೆ ಬಿಟ್ಟುಬಿಟ್ಟರೆ ಮತ್ತೆ ಹಿಡಿಯೋಕೆ ಆಗಲ್ಲ.

ಪರೀಕ್ಷೆ ಹೀಗೆ. ತೊಂದರೆ ಕಾಣಿಸಿಕೊಂಡ ತಕ್ಷಣ, ಇನ್ನೂ ಬಿಸಿ ಇರುವಾಗಲೇ, ಇಂಜಿನ್ ಆಫ್ ಮಾಡಿ. ಕೀ ಆನ್ ಇಟ್ಟು 30-87 ಕೂಡಿಸಿ. ಪ್ಲೇಟ್ ಅಲ್ಲಾಡಲಿಲ್ಲ. ಈಗ ಒಂದು ಉದ್ದ ಮರದ ಕಡ್ಡಿಯಿಂದ ಪ್ಲೇಟನ್ನ ಪುಲ್ಲಿ ಕಡೆ ಮೆಲ್ಲಗೆ ಒತ್ತಿ. 'ಟಕ್' ಅಂತ ಅಂಟಿಕೊಂಡು ಹಾಗೇ ನಿಂತ್ರೆ ಕರೆಂಟ್ ಬರ್ತಿದೆ, ಕಾಯಿಲ್ ಬದುಕಿದೆ, ಸಂದು ಹೆಚ್ಚಾಗಿದೆ ಅಂತ ಬಲವಾದ ಅನುಮಾನ. ವೋಲ್ಟೇಜ್ ಕಳೆದುಹೋಗ್ತಿಲ್ಲ ಅಂತ ಮೇಲಿನ ರೀತಿಯಲ್ಲಿ ಖಚಿತ ಮಾಡಿಕೊಂಡು, ಫೀಲರ್ ಗೇಜ್ ಹಾಕಿ ಸಂದು ಅಳೀರಿ. ಬಹಳ ಕಂಪ್ರೆಸರ್‌ಗಳಲ್ಲಿ ಪ್ಲೇಟಿನ ಹಿಂದೆ ತೆಳು ಶಿಮ್ ವಾಷರ್ ಇರ್ತವೆ. ನಡುವಿನ ಬೋಲ್ಟ್ ಬಿಚ್ಚಿ, ಒಂದು ಶಿಮ್ ತೆಗೆದು, ಸಂದನ್ನ ಮ್ಯಾನ್ಯುಯಲ್ ಹೇಳಿದ ಮಿತಿಗೆ ತಂದ್ರೆ ಆಯ್ತು. ಗ್ಯಾಸ್ ಪೈಪ್ ಮುಟ್ಟೋ ಅಗತ್ಯವೇ ಇಲ್ಲ. ಪ್ಲೇಟ್ ತೀರಾ ಸವೆದಿದ್ರೆ ಅಥವಾ ಸುಟ್ಟು ನೀಲಿಯಾಗಿದ್ರೆ ಕ್ಲಚ್ ಕಿಟ್ ಬೇಕಾಗುತ್ತೆ. ಆಗಲೂ ಪೂರ್ತಿ ಕಂಪ್ರೆಸರ್ ಬದಲಿಸಬೇಕಿಲ್ಲ.

ಇಂಥ ಕಾರಿಗೆ 'ಗ್ಯಾಸ್ ಹೊಡೆಸಿದ ಮೇಲೆ ಸರಿ ಹೋಯ್ತು' ಅನ್ನೋ ಮಾತು ಯಾಕೆ ಬರುತ್ತೆ ಗೊತ್ತಾ? ಹಳೇ ಗ್ಯಾಸ್ ತೆಗೆದು, ವ್ಯಾಕ್ಯೂಮ್ ಎಳೆದು, ಹೊಸದು ತುಂಬೋಕೆ ಗಂಟೆ ಹತ್ತಿರ ಬೇಕು. ಅಷ್ಟರಲ್ಲಿ ಇಂಜಿನ್ ತಣ್ಣಗಾಗಿ ಕ್ಲಚ್ ತಾನಾಗೇ ಹಿಡಿಯುತ್ತೆ. ಮೆಕ್ಯಾನಿಕ್ ಸುಳ್ಳು ಹೇಳ್ತಿಲ್ಲ, ಅವರ ಕಣ್ಣೆದುರೇ ಸರಿಯಾಯ್ತಲ್ಲ! ಮಾರನೇ ದಿನ ಮಧ್ಯಾಹ್ನ ಮತ್ತೆ ಅದೇ ಕಥೆ. ತೊಂದರೆ ಇರುವಾಗಲೇ ಅಳೀಬೇಕು ಅನ್ನೋದು ಇದಕ್ಕೇ.

ಅಪ್ಪಣೆಯ ಕಡೆ: ಗ್ಯಾಸ್ ಒತ್ತಡ ಏನು ಹೇಳುತ್ತೆ, ಏನು ಹೇಳಲ್ಲ

ರಿಲೇ ಪರೀಕ್ಷೆಯಲ್ಲಿ 'ಟಕ್' ಅಂದಿದ್ರೆ ಈ ಕಡೆ ಬನ್ನಿ. ಮೊದಲ ಕೊಂಡಿ ಪ್ರೆಷರ್ ಸ್ವಿಚ್. ಸಾಮಾನ್ಯವಾಗಿ ಒತ್ತಡ 28 ಪಿಎಸ್‌ಐಗಿಂತ ಕೆಳಗಿಳಿದ್ರೆ ಅಥವಾ 450 ಪಿಎಸ್‌ಐ ಆಸುಪಾಸಿಗೆ ಏರಿದ್ರೆ ಇದು ಸರ್ಕ್ಯೂಟ್ ಕಡಿದುಬಿಡುತ್ತೆ. ಕೆಳಗಿನ ಮಿತಿ ಕಂಪ್ರೆಸರನ್ನ ಕಾಪಾಡೋಕೆ. ಯಾಕಂದ್ರೆ ಅದಕ್ಕೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತೆ, ಗ್ಯಾಸ್ ಇಲ್ಲ ಅಂದ್ರೆ ಎಣ್ಣೆಯೂ ಬರಲ್ಲ.

ಇಂಜಿನ್ ನಿಂತು ತಣ್ಣಗಾದ ಮೇಲೆ ಗೇಜ್ ಹಾಕಿದ್ರೆ ಆರ್-134ಎ ಗ್ಯಾಸ್ ಸುತ್ತಲಿನ ಉಷ್ಣಾಂಶಕ್ಕೆ ತಕ್ಕ ಒತ್ತಡ ತೋರಿಸುತ್ತೆ: 30 ಡಿಗ್ರಿಗೆ ಸುಮಾರು 97 ಪಿಎಸ್‌ಐ, 35ಕ್ಕೆ 114, 40ಕ್ಕೆ 133. ಇಷ್ಟಿದ್ದೂ ಸ್ವಿಚ್ ಓಪನ್ ತೋರಿಸಿದ್ರೆ ಸ್ವಿಚ್ಚೇ ಕೆಟ್ಟಿದೆ. ಆದ್ರೆ ಈ ಒತ್ತಡ ನೋಡಿ 'ಗ್ಯಾಸ್ ಫುಲ್ ಇದೆ' ಅನ್ನೋ ಹಾಗಿಲ್ಲ. ದ್ರವ ಮತ್ತು ಆವಿ ಎರಡೂ ಒಟ್ಟಿಗೆ ಇರೋವರೆಗೆ ಒತ್ತಡ ಉಷ್ಣಾಂಶವನ್ನ ಮಾತ್ರ ಅವಲಂಬಿಸುತ್ತೆ, ಪ್ರಮಾಣವನ್ನ ಅಲ್ಲ. ನಮ್ಮ ಮನೆಯ ಅಡುಗೆ ಸಿಲಿಂಡರ್ ಹಾಗೇ: ಅರ್ಧ ಖಾಲಿಯಾದ್ರೂ ಒಲೆ ಉರಿಯೋದು ಕಡಿಮೆ ಆಗಲ್ಲ. ಎಷ್ಟು ಗ್ಯಾಸ್ ಇದೆ ಅಂತ ತಿಳಿಯೋಕೆ ಪೂರ್ತಿ ಹೊರತೆಗೆದು ತೂಕ ಮಾಡೋದೇ ಖಚಿತ ದಾರಿ. ಎಷ್ಟು ಗ್ರಾಂ ಇರಬೇಕು ಅಂತ ಬಾನೆಟ್ ಕೆಳಗಿನ ಲೇಬಲ್‌ನಲ್ಲಿ ಬರೆದಿರ್ತಾರೆ.

ಎರಡು ವೈರಿನ ಸ್ವಿಚ್ ಆದ್ರೆ ಕನೆಕ್ಟರ್ ಬಿಚ್ಚಿ ಸ್ವಿಚ್ಚಿನ ಎರಡು ಪಿನ್ ನಡುವೆ ರೋಧ ನೋಡಿ. ಮೂರು ವೈರ್ ಇದ್ರೆ ಅದು ಸಾಮಾನ್ಯವಾಗಿ 5 ವೋಲ್ಟ್‌ನ ಸೆನ್ಸರ್. ಅದಕ್ಕೆ ವೈರ್ ಹಾಕಿ ಜಂಪ್ ಮಾಡಬೇಡಿ. ಸ್ವಿಚ್ ಬೈಪಾಸ್ ಮಾಡಿ ಕಾರು ಓಡಿಸೋದಂತೂ ಬೇಡ, ಒಳ್ಳೆ ಕಂಪ್ರೆಸರ್ ಎಣ್ಣೆ ಇಲ್ಲದೆ ಸಾಯುತ್ತೆ. ಗ್ಯಾಸ್ ನಿಜಕ್ಕೂ ಖಾಲಿ ಆಗಿದ್ರೆ ಎಲ್ಲಿ ಸೋರಿತು ಅಂತ ಹುಡುಕಿ ಮುಚ್ಚಿದ ಮೇಲೇ ತುಂಬಿಸಬೇಕು.

ಎರಡನೇ ಕೊಂಡಿ ಇವಾಪರೇಟರ್ ಥರ್ಮಿಸ್ಟರ್. ಉಷ್ಣಾಂಶ ಏರಿದಂತೆ ಇದರ ರೋಧ ಇಳಿಯುತ್ತೆ. ಅಂಗೈಯಲ್ಲಿ ಹಿಡಿದು ಬಿಸಿ ಮಾಡಿದ್ರೆ ಮೀಟರ್‌ನಲ್ಲಿ ಓಮ್ ಇಳೀತಾ ಹೋಗಬೇಕು. ವೈರ್ ಕಡಿದಿದ್ರೆ ರೋಧ ಅನಂತ, ಆಗ ಕಂಪ್ಯೂಟರ್ 'ಒಳಗೆ ಮಂಜುಗಟ್ಟಿದೆ' ಅಂತ ಭಾವಿಸಿ ಅಪ್ಪಣೆ ನಿಲ್ಲಿಸಬಹುದು.

ಮೂರನೆಯದು ಕಂಡೆನ್ಸರ್ ಫ್ಯಾನ್. ಕಾರು ಓಡುವಾಗ ಎಸಿ ಸರಿ, ಟ್ರಾಫಿಕ್‌ನಲ್ಲಿ ನಿಂತಾಗ ಕಟ್ ಆಗುತ್ತೆ ಅಂದ್ರೆ ಮೊದಲು ಫ್ಯಾನ್ ತಿರುಗ್ತಿದೆಯಾ ನೋಡಿ. ಫ್ಯಾನ್ ನಿಂತ್ರೆ ಒತ್ತಡ ಏರಿ ಮೇಲಿನ ಮಿತಿಯಲ್ಲಿ ಸ್ವಿಚ್ ಕಡಿಯುತ್ತೆ. ನೀಲಗುಂದದ ಕಾರೂ ಟ್ರಾಫಿಕ್‌ನಲ್ಲೇ ಕೈಕೊಟ್ಟಿತ್ತಲ್ಲ? ಹಾಗಾಗಿ ಫ್ಯಾನನ್ನೂ ನೋಡಲೇಬೇಕು. ವ್ಯತ್ಯಾಸ ತಿಳಿಯೋದು ಆ 30-87 ಪರೀಕ್ಷೆಯಿಂದ: ಫ್ಯಾನ್ ತಪ್ಪಾದ್ರೆ ಬಿಸಿ ಇರುವಾಗಲೂ ಕ್ಲಚ್ 'ಟಕ್' ಅನ್ನುತ್ತೆ, ಸಂದಿನ ತಪ್ಪಾದ್ರೆ ಅನ್ನಲ್ಲ.

ಕೊನೆಗೆ ಇಸಿಯು. ಒಬಿಡಿ ಸ್ಕ್ಯಾನರ್ ಇದ್ರೆ, ಕಾರು ತೋರಿಸೋದಾದ್ರೆ, ಎಸಿ ಅರ್ಜಿ ಮತ್ತು ಕ್ಲಚ್ ಅಪ್ಪಣೆ ಎರಡನ್ನೂ ನೋಡಿ. ಅರ್ಜಿಯೇ ಬರ್ತಿಲ್ಲ ಅಂದ್ರೆ ಬಟನ್ ಅಥವಾ ಬ್ಲೋವರ್ ಕಡೆ ತಪ್ಪು. ಅರ್ಜಿ ಬಂದು ಅಪ್ಪಣೆ ಹೊರಡ್ತಿಲ್ಲ ಅಂದ್ರೆ ಯಾವುದೋ ಸೆನ್ಸರ್ 'ಬೇಡ' ಅಂತಿದೆ. ಅಪ್ಪಣೆ ಹೊರಟೂ ರಿಲೇ ಹಿಡೀತಿಲ್ಲ ಅಂದ್ರೆ ನಡುವಿನ ವೈರ್.

ಗ್ಯಾಸ್ ಗಾಳಿಗೆ ಬಿಟ್ರೆ ಏನಾಗುತ್ತೆ?

'ಒಮ್ಮೆ ಖಾಲಿ ಮಾಡಿ ಮತ್ತೆ ತುಂಬೋಣ' ಅನ್ನೋದು ದುಡ್ಡಿನ ಪ್ರಶ್ನೆ ಮಾತ್ರ ಅಲ್ಲ. ಹಿಂದೆ ಬಳಸ್ತಿದ್ದ ಆರ್-12 ಓಝೋನ್ ಪದರ ಹಾಳು ಮಾಡುತ್ತೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಅದನ್ನ ಕೈಬಿಡಲಾಯ್ತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನ್‌ಗೆ ಹಾನಿ ಮಾಡಲ್ಲ, ಆದ್ರೆ ಭೂಮಿ ಬಿಸಿ ಮಾಡುತ್ತೆ. 100 ವರ್ಷಗಳ ಲೆಕ್ಕದಲ್ಲಿ ಅದರ ಒಂದು ಕಿಲೋ ಸುಮಾರು 1430 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅರ್ಧ ಕಿಲೋ ಗಾಳಿಗೆ ಬಿಟ್ರೆ 715 ಕಿಲೋ ಬಿಟ್ಟ ಹಾಗೆ. ಇಂಥ ಅನಿಲಗಳನ್ನ ಕಡಿಮೆ ಮಾಡೋ 2016ರ ಕಿಗಾಲಿ ತಿದ್ದುಪಡಿಯನ್ನ ಭಾರತ 2021ರಲ್ಲಿ ಅನುಮೋದಿಸಿದೆ. ಅದಕ್ಕೇ ರಿಕವರಿ ಮೆಷಿನ್ ಇರೋ ಕಡೆಯೇ ಗ್ಯಾಸ್ ಕೆಲಸ ಮಾಡಿಸಿ. ನಿಮ್ಮ ಕೈಯಿಂದ ಪೈಪ್ ಬಿಚ್ಚಲೇಬೇಡಿ: ಈ ದ್ರವ ಬಯಲಲ್ಲಿ ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತೆ, ಕಣ್ಣಿಗೋ ಚರ್ಮಕ್ಕೋ ತಾಗಿದ್ರೆ ಹೆಪ್ಪುಗಟ್ಟಿಸುತ್ತೆ. ಇಂಜಿನ್ ಓಡುವಾಗ ಟವೆಲ್, ದುಪಟ್ಟಾ, ಸಡಿಲ ತೋಳು ಯಾವುದೂ ಬೆಲ್ಟ್ ಹತ್ತಿರ ಹೋಗಬಾರದು.

ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ

1. ಕ್ಲಚ್ ಇರೋ ಕಂಪ್ರೆಸರ್ ತಾನೇ? ಯಾವಾಗ ಹಿಡಿಯಲ್ಲ: ಯಾವಾಗಲೂನಾ, ಬಿಸಿಯಾದಾಗಲಾ, ನಿಂತಾಗಲಾ?
2. ಫ್ಯೂಸ್ ನೋಡಿ, ಇಲಿ ಕಡಿದ ವೈರ್ ನೋಡಿ.
3. ಇಂಜಿನ್ ಆಫ್, ಕೀ ಆನ್, ರಿಲೇ ಸಾಕೆಟ್‌ನಲ್ಲಿ 30-87 ಕೂಡಿಸಿ. ಬಿಸಿಯಾದಾಗಿನ ತೊಂದರೆಯಾದ್ರೆ ಬಿಸಿ ಇರುವಾಗಲೇ.
4. 'ಟಕ್' ಇಲ್ಲ: ಕನೆಕ್ಟರ್ ಹಾಕಿಟ್ಟು ವೋಲ್ಟೇಜ್, ಆಮೇಲೆ ಅರ್ತ್, ಕಾಯಿಲ್ ರೋಧ, ಸಂದು.
5. 'ಟಕ್' ಇದೆ: ರಿಲೇ, ಪ್ರೆಷರ್ ಸ್ವಿಚ್, ಥರ್ಮಿಸ್ಟರ್, ಫ್ಯಾನ್, ಇಸಿಯು.
6. ಗ್ಯಾಸ್ ಕಡಿಮೆ ಅಂತ ಅಳತೆ ಹೇಳಿದ್ರೆ ಮಾತ್ರ ಗ್ಯಾಸ್. ಅದೂ ಸೋರಿಕೆ ಮುಚ್ಚಿದ ಮೇಲೆ.

ರಜೆಗೆ ಊರಿಗೆ ಹೋದಾಗ ಅಕ್ಕಪಕ್ಕದವರ ಕಾರಿನಲ್ಲಿ ಈ ತೊಂದರೆ ಕಂಡ್ರೆ ಮೂರನೇ ಹೆಜ್ಜೆಯನ್ನ ಮಾಡಿ ತೋರಿಸಿ. ಐದು ನಿಮಿಷದ ಕೆಲಸ. ಆಮೇಲೆ ಅವರು ಗ್ಯಾರೇಜಿಗೆ ಹೋದಾಗ 'ಎಸಿ ಸರಿ ಮಾಡಿಕೊಡ್ರಿ' ಅನ್ನೋ ಬದಲು 'ಬಿಸಿಯಾದಾಗ ಕ್ಲಚ್‌ಗೆ ಕರೆಂಟ್ ಬರ್ತೇತಿ, ಆದ್ರೂ ಪ್ಲೇಟ್ ಹಿಡೀವಲ್ದು, ಸಂದು ಅಳತಿ ಮಾಡ್ರಿ ಅಣ್ಣಾ' ಅಂತ ಹೇಳಬಹುದು. ಒಳ್ಳೆ ಮೆಕ್ಯಾನಿಕ್‌ಗೆ ಅಷ್ಟು ಮಾಹಿತಿ ಸಿಕ್ಕಿದ್ರೆ ಅರ್ಧ ಕೆಲಸ ಅಲ್ಲೇ ಮುಗಿದ ಹಾಗೆ.